ಗೇಟಿನ ಹತ್ತಿರ ಕಲಿಸಿದ ಮಾತು

ಪಿ.ಜೆ. ಬಡಾವಣೆ,
ದಾವಣಗೆರೆ,
22-2-1963, ಶುಕ್ರವಾರ

ಅಕ್ಕ ದ್ರಾಕ್ಷಾಯಣಮ್ಮನಿಗೆ ತಂಗಿ ನಿರ್ಮಲೆಯ ಶರಣು.

ನಾನು ಇಲ್ಲಿ ಆರಾಮಾಗಿದ್ದೇನೆ. ನೀನು, ತೋಟಪ್ಪ ಭಾವನವರು, ನನ್ನ ಮಗಳು ಕೊಟ್ರಿ, ಮೂವರೂ ಹರಿಹರದಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾದರೂ ಉತ್ತರ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಸ್ಕೂಲಿನಲ್ಲಿ ಸಿಡುಬಿನ ದಾಕು ಹಾಕುವ ಕೆಲಸವಿತ್ತು, ನಾನೂರು ಹುಡುಗಿಯರ ತೋಳು ಹಿಡಿದು ಹಿಡಿದು ಕೈ ಸೋತಿತ್ತು ಎಂದು ಬರೆಯಬಹುದು. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು. ಕೊಟ್ರಿಯ ಏಳನೇ ತರಗತಿ ಮುಗಿಯುತ್ತ ಬಂತು, ಜೂನಿಗೆ ಇಲ್ಲಿಯ ಹೈಸ್ಕೂಲಿಗೆ ಸೇರಿಸುತ್ತೇನೆ, ನನ್ನ ಹತ್ತಿರ ಕಳಿಸು ಎಂದು ನಾನು ಎರಡು ಹಾಳೆ ತುಂಬ ಬೇಡಿಕೊಂಡಿದ್ದೆ. ನೀನು ಹಪ್ಪಳ ಹಾಕಿದ್ದು, ಭಾವನವರ ಮಂಡಿನೋವು ಎಲ್ಲ ಬರೆದು ಕೊನೆಗೆ “ಜೂನಿನ ಮಾತು ಜೂನಿಗೆ ನೋಡೋಣ” ಎಂದು ಒಂದು ಸಾಲು ಗೀಚಿದ್ದೆ. ಹತ್ತು ವರ್ಷ ಸಾಕಿದ್ದೀ, ಒಪ್ಪಿದೆ. ಹೆತ್ತವಳು ಮಗಳನ್ನು ಕೇಳಿದರೆ ನೋಡೋಣ ಅನ್ನುತ್ತಾರೆಯೇ?

ಹೊಸದಾಗಿ ಹಿಡಿದಿರುವ ಮನೆಗೆ ಅಡುಗೆಕೋಣೆ ಬೇರೆಯೇ ಇದೆ. ಕಿಟಕಿಯ ಹತ್ತಿರ ಅವಳು ಓದಲಿ ಎಂದು ಒಂದು ಮೇಜು ಮಾಡಿಸಿದ್ದೇನೆ. ಸದ್ಯಕ್ಕೆ ಅದರ ಮೇಲೆ ನನ್ನ ಇಸ್ತ್ರಿ ಸೀರೆಗಳು ಕೂತಿವೆ. ನಿನಗೆ ಗೊತ್ತೇ ಇದೆ, ನನಗೊಬ್ಬಳು ಮಗಳಿದ್ದಾಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಯಜಮಾನರು ಹೋದ ಮೇಲೆ ನಾನು ನರ್ಸ್ ತರಬೇತಿಗೆ ಸೇರುವಾಗ, ಚಿಕ್ಕ ಮಕ್ಕಳಿರುವವರನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಮಕ್ಕಳಿಲ್ಲ ಎಂದು ಬರೆಸಿಬಿಟ್ಟೆ. ಆ ಸುಳ್ಳೇ ಈ ನೌಕರಿಯವರೆಗೂ ಹಿಂದೆ ಬಂತು. ಕೊಟ್ರಿ ಬರುವುದು ಖಾತ್ರಿಯಾದ ದಿನ ನಾನೇ ಹೆಡ್‌ಮಿಸ್ಸರ ಮುಂದೆ ನಿಂತು ಇದ್ದದ್ದು ಹೇಳುತ್ತೇನೆ. ನೌಕರಿ ಹೋದರೆ ಹೋಗಲಿ.

ಸಿಟ್ಟು ಸ್ವಲ್ಪ ಇಳಿಯಲಿ, ಸ್ಕೂಲಿನ ಸುದ್ದಿ ಹೇಳುತ್ತೇನೆ. ದಿನಕ್ಕೊಂದು ತರಗತಿಯನ್ನು ಸಾಲಾಗಿ ನಿಲ್ಲಿಸಿ ತಲೆ, ಉಗುರು, ಹಲ್ಲು ನೋಡುತ್ತೇನೆ. ಹೇನು ಇದ್ದವಳ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜಡೆಯನ್ನು ಎರಡು ಸಲ ಮೆಲ್ಲಗೆ ಜಗ್ಗುತ್ತೇನೆ, ಅಷ್ಟೇ. ಸಂಜೆ ಅವಳು ಒಬ್ಬಳೇ ಬಂದು ಎಣ್ಣೆಯ ಸೀಸೆ ಇಸಿದುಕೊಂಡು ಹೋಗುತ್ತಾಳೆ. ಗಣಿತದ ಪರೀಕ್ಷೆಯ ದಿನ ಸ್ಕೂಲಿಗೆ ಸ್ಕೂಲೇ ಹೊಟ್ಟೆನೋವೆಂದು ನನ್ನ ಕೋಣೆಯ ಮುಂದೆ ನಿಲ್ಲುತ್ತದೆ. ಕಹಿ ಔಷಧದ ಬಾಟಲಿ ಕುಲುಕುತ್ತ ಹೊರಗೆ ಬಂದರೆ ಅರ್ಧ ಸಾಲು ಮಾಯ. ಉಳಿದವರ ನೋವು ನಿಜದ್ದು, ಬೆಳಿಗ್ಗೆ ಏನೂ ತಿನ್ನದೆ ಬಂದವರು. ಅವರಿಗೆ ಹಾಲಿನ ಪುಡಿ ಕದಡಿ ಬಿಸಿ ಮಾಡಿ ಕೊಡುತ್ತೇನೆ.

ಭಾನುವಳ್ಳಿಯ ರಂಗವ್ವ ಎಂಬ ಹುಡುಗಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಇಲ್ಲಿ ಓದುತ್ತಾಳೆ. ದಡ್ಡಿ ಎಂದು ದಿನಾ ಏಟು ತಿನ್ನುತ್ತಿದ್ದಳು. ಗೋಡೆಗೆ ಅಕ್ಷರದ ಹಾಳೆ ಅಂಟಿಸಿ ಓದಿಸಿದರೆ, ಪಾಪ, ಅವಳಿಗೆ ಹಾಳೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಬಂದ ಮೇಲೆ ತರಗತಿಗೆ ಮೂರನೆಯವಳಾದಳು. ಅವಳಪ್ಪ ಸಣ್ಣಬೀರಪ್ಪ ಒಂದು ಚೀಲ ಅವರೆಕಾಯಿ ಹೊತ್ತು ಬಂದು ಬಾಗಿಲಲ್ಲೇ ನಿಂತು, “ನನ್ನ ಮಗಳಿಗೆ ಕಣ್ಣು ಕೊಟ್ರಿ ಸಿಸ್ಟರಮ್ಮ” ಎಂದ. ಅವನು ಕೊಟ್ರಿ ಎಂದದ್ದೇ ತಡ, ನನಗೆ ನನ್ನ ಮಗಳ ಹೆಸರು ಕೇಳಿಸಿದ ಹಾಗಾಗಿ ಮುಖ ತಿರುಗಿಸಿಕೊಂಡೆ. ಅವರೆಕಾಯಿಯನ್ನು ಎಲ್ಲರಿಗೂ ಹಂಚಿದೆ.

ಇನ್ನು ಇಮಾಂಬೀ. ಅವಳ ವಿಷಯ ಹೋದ ಕಾಗದದಲ್ಲೂ ಬರೆದಿದ್ದೆ. ಸ್ಕೂಲಿನ ಆಯಾ. ಗಂಟೆ ಹೊಡೆಯುವವಳು, ಕಸ ಗುಡಿಸುವವಳು, ನೀರು ತುಂಬುವವಳು. ನರ್ಸ್ ನಾನು, ಬಿಳಿ ಸೀರೆ ನನ್ನದು, ಔಷಧದ ಬೀರು ನನ್ನದು. ಹುಡುಗಿಯರು ಓಡುವುದು ಮಾತ್ರ ಅವಳ ಹತ್ತಿರ. ಬಿದ್ದರೆ ಇಮಾಂಬೀ, ಜಗಳವಾದರೆ ಇಮಾಂಬೀ, ಹಲ್ಲು ಬಿದ್ದರೂ ಅದನ್ನು ಅಂಗೈಯಲ್ಲಿಟ್ಟುಕೊಂಡು ಮೊದಲು ತೋರಿಸುವುದು ಇಮಾಂಬೀಗೆ.

ಹೋದ ವಾರ ಏಳನೇ ತರಗತಿಯ ಅಖ್ತರ್ ಬಾನು ನೀರಿನ ತೊಟ್ಟಿಯ ಹಿಂದೆ ಮುದುಡಿ ಕೂತು ಅಳುತ್ತಿದ್ದಳು. ಲಂಗ ನೋಡಿದೊಡನೆ ನನಗೆ ತಿಳಿಯಿತು, ಹುಡುಗಿ ದೊಡ್ಡವಳಾಗಿದ್ದಾಳೆ. ಇಂಥ ದಿನಕ್ಕೆಂದೇ ನಾನು ಒಂದು ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಮೆತ್ತನೆಯ ಬಟ್ಟೆಗಳನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿರುತ್ತೇನೆ. ಹತ್ತಿರ ಹೋಗಿ ಕೇಳಿದೆ. ಅವಳು ಹೇಳಿದ್ದು ಒಂದೇ ಮಾತು, ಇಮಾಂಬೀನ ಕರೀರಿ ಅಂತ. ಇಮಾಂಬೀ ಪೊರಕೆ ಇಟ್ಟು, ಕೈ ಒರೆಸಿಕೊಂಡು, ಆ ಒದ್ದೆ ನೆಲದ ಮೇಲೆಯೇ ಅವಳ ಪಕ್ಕ ಕೂತಳು.

“ಹೆದರಬ್ಯಾಡ ನನ್ನವ್ವ, ನಿನಗೇನೂ ಆಗಿಲ್ಲ. ಇವತ್ತಿಂದ ನೀನೂ ನಮ್ಮ ಸಾಲಿಗೆ ಬಂದಿ, ಅಷ್ಟ.”

ಅಳುತ್ತಿದ್ದ ಹುಡುಗಿ ನಕ್ಕುಬಿಟ್ಟಳು. ನನ್ನ ಪೆಟ್ಟಿಗೆಯ ಬಟ್ಟೆ ಇಮಾಂಬೀಯ ಕೈಯಿಂದ ಅವಳಿಗೆ ಹೋಯಿತು. ಕುದಿಸಿದವಳು ನಾನು, ಒಣಗಿಸಿದವಳು ನಾನು, ಹೆಸರು ಅವಳದು. ಹೊಟ್ಟೆ ಉರಿಯಿತು ಅಕ್ಕ, ನಿನ್ನ ಹತ್ತಿರ ಮುಚ್ಚಿಡುವುದೇನು. ಸಂಜೆ ಗಂಟೆ ಎರಡು ನಿಮಿಷ ತಡವಾಯಿತೆಂದು ಎಲ್ಲರ ಮುಂದೆ ಇಮಾಂಬೀಯನ್ನು ಗದರಿದೆ. ಅವಳು ತಪ್ಪಾತು ಸಿಸ್ಟರಮ್ಮ ಎಂದಳು. ಗಂಟೆ ಸರಿಯಾದ ಹೊತ್ತಿಗೇ ಹೊಡೆದಿತ್ತು, ಅದು ನನಗೂ ಗೊತ್ತಿತ್ತು.

ಆಮೇಲೆ ಯೋಚಿಸಿದೆ. ಆ ಹುಡುಗಿಯ ಹತ್ತಿರ ಹೋದಾಗ ನಾನು ಮೊದಲು ಕೇಳಿದ್ದು ಏನು ಗೊತ್ತೇ? ಹೆಸರೇನು, ಯಾವ ತರಗತಿ, ಎ ಸೆಕ್ಷನ್ನೋ ಬಿ ಸೆಕ್ಷನ್ನೋ. ಕೈಯಲ್ಲಿ ರಿಜಿಸ್ಟರು ಹಿಡಿದೇ ಹೋಗಿದ್ದೆ. ನನಗೆ ಕಲಿಸಿದ್ದೇ ಹಾಗೆ, ಮೊದಲು ಬರೆದುಕೋ, ಆಮೇಲೆ ಮುಟ್ಟು.

ಕೊಟ್ರಿಗೆ ಹಾಗೆ ಮಾಡುವುದಿಲ್ಲ. ಅವಳಿಗೂ ಹದಿಮೂರಾಯಿತು, ಇವತ್ತೋ ನಾಳೆಯೋ ಎಂಬಂತಿದ್ದಾಳೆ. ಅವಳ ಹೆಸರಿನಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆಯನ್ನೇ ಮಾಡಿಟ್ಟಿದ್ದೇನೆ. ನನ್ನ ಮದುವೆಯ ಹತ್ತಿ ಸೀರೆಯನ್ನು ಹರಿದು ಮಡಿಸಿದ ಬಟ್ಟೆ ಅದರಲ್ಲಿದೆ. ಎಳ್ಳು, ಬೆಲ್ಲ, ಕೊಬ್ಬರಿ ತಂದು ಡಬ್ಬಿಗೆ ಹಾಕಿದ್ದೇನೆ, ಸುದ್ದಿ ಬಂದ ದಿನವೇ ಚಿಗಳಿ ಕುಟ್ಟಿ ಉಂಡೆ ಕಟ್ಟಿಕೊಂಡು ಬರುತ್ತೇನೆ. ನಾನೂ ಇಮಾಂಬೀಯ ಹಾಗೆ ನೆಲದ ಮೇಲೆ ಕೂರುತ್ತೇನೆ. ಭಾವನವರು ಅಂಗಡಿಗೆ ಸರಕು ತರಲು ವಾರಕ್ಕೊಮ್ಮೆ ಇಲ್ಲಿಗೆ ಬಂದೇ ಬರುತ್ತಾರಲ್ಲ, ಅವರ ಕೈಲಿ ಒಂದು ಮಾತು ಹೇಳಿಕಳಿಸು, ಸಾಕು. ಹರಿಹರ ಎಷ್ಟು ದೂರ, ಅರ್ಧ ಗಂಟೆಯ ರೈಲು. ಇಷ್ಟೊಂದು ಹುಡುಗಿಯರಿಗೆ ಮಾಡಿದ್ದೇನೆ, ನನ್ನವಳಿಗೆ ಒಂದು ದಿನ ಮಾಡುವ ಭಾಗ್ಯ ನನಗಿರಲಿ. ಅದೊಂದನ್ನು ನನಗೆ ಬಿಟ್ಟುಕೊಡು.

ಶನಿವಾರ, ಮಧ್ಯಾಹ್ನ

ನಿನ್ನೆ ಅಲ್ಲಿಗೆ ನಿಲ್ಲಿಸಿದ್ದೆ. ಇವತ್ತು ಅಂಚೆಗೆ ಹಾಕೋಣವೆಂದು ಕಾಗದವನ್ನು ಸ್ಕೂಲಿಗೇ ತಂದಿದ್ದೆ. ಇನ್ನೂ ನನ್ನ ಚೀಲದಲ್ಲೇ ಇತ್ತು, ಅದಕ್ಕೆ ಮುಂದುವರಿಸುತ್ತಿದ್ದೇನೆ.

ಇವತ್ತು ಅರ್ಧ ದಿನದ ಸ್ಕೂಲು. ಬಿಟ್ಟ ಮೇಲೆ ಇಮಾಂಬೀಯನ್ನು ನೋಡಲು ಅವಳ ಅಣ್ಣ ಬಂದಿದ್ದರು. ಹರಿಹರದ ಬಳೆಗಾರ ಮಕ್ತುಮ್ ಸಾಬ್, ನಿನ್ನ ಕೇರಿಗೂ ಬರುವವರೇ. ನನ್ನನ್ನು ಕಂಡು ಎದ್ದು ನಿಂತರು.

“ನಿಮ್ಮಕ್ಕಾರ ಮಗಳಿಗೆ ಹಸಿರು ಬಳಿ ಇಟ್ಟೆ ರೀ ಸಿಸ್ಟರಮ್ಮ, ಮೂರು ವಾರ ಆತು. ಎರಡೂ ಕೈ ತುಂಬ ಇಟ್ಟೀನಿ. ಆರತಿ ಭಾಳ ಚಂದ ಮಾಡಿದ್ರು.”

ಅಕ್ಕ, ಮೂರು ವಾರ. ಇಮಾಂಬೀ ನನ್ನ ಮುಖವನ್ನೇ ನೋಡುತ್ತಿದ್ದಳು. ನಿಮಗೆ ಗೊತ್ತಿರಲಿಲ್ಲೇನು ಎಂದು ಕೇಳಿದಳು. ಗೊತ್ತಿತ್ತು, ರಜೆ ಸಿಗಲಿಲ್ಲ ಎಂದೆ. ಮತ್ತೊಂದು ಸುಳ್ಳು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಬೀರುವಿನ ಬಾಟಲಿಗಳನ್ನೆಲ್ಲ ಕೆಳಗಿಳಿಸಿ ಮತ್ತೆ ಜೋಡಿಸಿದೆ. ಇನ್ನೇನು ಮಾಡಬೇಕೋ ತಿಳಿಯಲಿಲ್ಲ.

ನೀನು ಯಾಕೆ ಹೇಳಲಿಲ್ಲ? ಗಂಡ ಸತ್ತವಳು ಆರತಿಯ ಮನೆಗೆ ಬರಬಾರದೆಂದೇ? ನಾನು ಆರತಿ ಎತ್ತುತ್ತೇನೆಂದು ಕೇಳುತ್ತಿದ್ದೆನೇ? ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿ ಹಾಗೆಯೇ ಮುಂದಿನ ರೈಲಿಗೆ ವಾಪಸು ಬರುತ್ತಿದ್ದೆ. ಅವಳು ಹೆದರಿದಳೇ, ಅತ್ತಳೇ, ಮೊದಲು ಯಾರಿಗೆ ಹೇಳಿದಳು, ಏನೂ ನನಗೆ ಗೊತ್ತಿಲ್ಲ. ಎಲ್ಲ ನಿನಗೆ ಗೊತ್ತು. ಅವಳ ಮೊದಲ ಹಲ್ಲು ಬಿದ್ದದ್ದೂ ನಿನ್ನ ಅಂಗೈಗೆ, ಮೊದಲ ಅಕ್ಷರ ತಿದ್ದಿಸಿದ್ದೂ ನೀನು, ಇದೂ ನಿನಗೇ ಸಿಕ್ಕಿತು. ಇಷ್ಟು ದಿನ ಇಮಾಂಬೀಯನ್ನು ಕಂಡರೆ ಆಗುವುದಿಲ್ಲ ಎಂದು ಬರೆಯುತ್ತಿದ್ದೆನಲ್ಲ, ಆ ಹೊಟ್ಟೆಕಿಚ್ಚು ಅವಳ ಮೇಲಿನದಲ್ಲ. ನಿನ್ನ ಮೇಲಿನದು. ನೀನು ನನ್ನ ಮಗಳನ್ನು ಸಾಕಿದ ಉಪಕಾರವನ್ನು ಏಳು ಜನ್ಮಕ್ಕೂ ತೀರಿಸಲಾರೆ, ಅದೂ ನಿಜ. ಎರಡನ್ನೂ ಎದೆಯಲ್ಲಿಟ್ಟುಕೊಂಡು ನಿನಗೆ ಶರಣು ಎಂದು ಬರೆಯುತ್ತ ಬಂದಿದ್ದೇನೆ.

ಕೋಪದಲ್ಲಿ ಮುಖ್ಯವಾದದ್ದು ಮರೆಯಬಾರದು. ಬಟ್ಟೆಯನ್ನು ಮೂಲೆಯಲ್ಲಿ ಕದ್ದು ಒಣಗಿಸಲು ಬಿಡಬೇಡ, ಬಿಸಿಲಿಗೆ ಹಾಕಿಸು. ನುಗ್ಗೆಸೊಪ್ಪು, ಬೆಲ್ಲ ತಿನ್ನಿಸು. ಹೊಟ್ಟೆ ಹಿಡಿದುಕೊಂಡರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡು. ಮೂಲೆಯಲ್ಲಿ ಒಬ್ಬಳೇ ಕೂರಿಸಬೇಡ. ಭಾವನವರ ಮಂಡಿಗೆ ಎಣ್ಣೆ ಕಳಿಸುತ್ತೇನೆ, ಬೆಳಿಗ್ಗೆ ಸಂಜೆ ತಿಕ್ಕಲಿ.

ಕೊಟ್ರಿ ಕೈತುಂಬ ಬಳೆ ತೊಟ್ಟು ನೂರು ಕಾಲ ನಗುತ್ತಿರಲಿ. ನಿಮ್ಮಿಬ್ಬರ ಹೊಟ್ಟೆಯೂ ತಣ್ಣಗಿರಲಿ.

ಇಂತಿ ನಿನ್ನ ತಂಗಿ,
ನಿರ್ಮಲ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಮಕ್ತುಮ್ ಸಾಬ್ ಇನ್ನೂ ಒಂದು ವಿಷಯ ಹೇಳಿದರು. ಮೊದಲನೇ ಬಳೆಯನ್ನು ಹೆತ್ತತಾಯಿ ಮುಟ್ಟಿ ಕೊಡಲಿ ಎಂದು ಅವರು ಅಂದಾಗ ನೀನು ಹಿಂದೆ ಸರಿದೆಯಂತೆ. ಕೊಟ್ರಿಯೇ ಆ ಬಳೆಯನ್ನು ತೆಗೆದು ನಿನ್ನ ಕೈಗಿಟ್ಟು, “ನಮ್ಮವ್ವ ಇಲ್ಲೇ ಅದಾಳಲ್ಲ” ಎಂದಳಂತೆ. ದಾವಣಗೆರೆಗೆ ಹೋಗ್ತೀನಿ, ನಿಮ್ಮ ಚಿಕ್ಕಮ್ಮಾರಿಗೆ ಸುದ್ದಿ ಮುಟ್ಟಿಸಲೇನು ಎಂದು ಅವರು ಕೇಳಿದ್ದಕ್ಕೆ, “ಸಿಸ್ಟರಿಗೆ ಹೇಳಬ್ಯಾಡ್ರಿ, ಅವರಿಗೆ ಕೆಲಸ ಇರ್ತೈತೆ” ಎಂದಳಂತೆ. ಎಷ್ಟು ತಿಳಿವಳಿಕೆಯ ಹುಡುಗಿ ಎಂದು ಅವರು ಹೊಗಳಿದರು.

ಹಾಗಾಗಿ ಹೇಳಬೇಡ ಎಂದವಳು ನೀನಲ್ಲ. ಜೂನಿಗೆ ಕಳಿಸು ಎಂದು ನಿನ್ನನ್ನು ಇನ್ನು ಕೇಳುವುದಿಲ್ಲ. ಅವಳನ್ನೇ ಕೇಳು, ಅವಳು ಅಂದಂತೆ ಆಗಲಿ.

ಸಿಸ್ಟರ್ ಎಂಬ ಮಾತನ್ನು ಕಲಿಸಿದವಳು ನಾನೇ. ಭಾನುವಾರ ನೀನು ಅವಳನ್ನು ಎತ್ತಿಕೊಂಡು ತರಬೇತಿ ಆಸ್ಪತ್ರೆಯ ಗೇಟಿಗೆ ಬರುತ್ತಿದ್ದೆ. ಯಾರಿಗೂ ಗೊತ್ತಾಗಬಾರದೆಂದು, ಅವಳು ನನ್ನನ್ನು ಸಿಸ್ಟರ್ ಅಂದಾಗಲೆಲ್ಲ ನಾನು ಒಂದು ಪೆಪ್ಪರಮಿಂಟು ಕೊಡುತ್ತಿದ್ದೆ. ಒಂದು ಭಾನುವಾರ ಅವಳು ಜಲ್ಲಿಯ ಮೇಲೆ ಎಡವಿ ಬಿದ್ದು ಮಂಡಿ ತರಚಿಕೊಂಡಳು, ನಿನಗೆ ನೆನಪಿರಬಹುದು. ವಾರ್ಡನ್ ನನ್ನ ಪಕ್ಕದಲ್ಲೇ ಇದ್ದರು. ಅವಳು ನನ್ನ ಕಡೆ ಎರಡೂ ಕೈ ಚಾಚಿ “ಅವ್ವಾ” ಎಂದು ಕೂಗಿದಳು. ನಾನು ವಾರ್ಡನ್ ಜೊತೆ ಒಳಗೆ ನಡೆದೆ. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ ಎಂದು ನೀನು ಇವತ್ತಿಗೂ ತಿಳಿದಿದ್ದೀ. ಅವಳಿಗೂ ಹಾಗೆಯೇ ಹೇಳಿರುತ್ತೀ.

ನನಗೆ ಕೇಳಿಸಿತ್ತು ಅಕ್ಕ. ನಾನು ಬಾಗಿಲು ದಾಟುವಾಗ ಹಿಂದಿನಿಂದ ನೀನು “ಓ, ಬಂದೆ ನನ್ನವ್ವ” ಎಂದದ್ದೂ ಕೇಳಿಸಿತ್ತು.