ಅಕ್ಕನ ಜಡೆಯ ಮೇಲೆ ನಿಲ್ಲದ ಹನಿ

ಮಾರ್ಚ್ ೧೨, ಗುರುವಾರ

ಆ ಹನಿ ಕಣ್ಣಿನಿಂದ ಮರೆಯಾಗುತ್ತಿಲ್ಲ. ಸಹಜ ಕೂದಲಿನ ಮೇಲೆ ಎಣ್ಣೆಯಂಥ ತೆಳುಪೊರೆ ಇರುತ್ತದೆ, ನೀರಿನ ಹನಿ ಗುಂಡಗೆ ನಿಲ್ಲುತ್ತದೆ. ಬ್ಲೀಚ್ ಮಾಡಿದರೆ ಆ ಪೊರೆ ಹೋಗಿ ನೀರು ಇಂಗುತ್ತದೆ. ಅಕ್ಕ ಕತ್ತರಿಸಿ ಕೊಟ್ಟ ಕಪ್ಪು ಜಡೆಯ ಮೇಲೂ ಇವತ್ತು ಇಂಗಿಹೋಯಿತು. ಪ್ರಯೋಗಾಲಯದಲ್ಲಿ ಮೂರು ತಿಂಗಳಿಂದ ಅದನ್ನೇ ಸಹಜ ಕೂದಲೆಂದು ಇಟ್ಟುಕೊಂಡು ಉಳಿದ ಕೂದಲನ್ನೆಲ್ಲ ಅದಕ್ಕೆ ಹೋಲಿಸಿದ್ದೇನೆ. ನಮ್ಮಕ್ಕನದಲ್ಲವೇ ಎಂದು ಮೊದಲು ಪರೀಕ್ಷಿಸಲೇ ಇಲ್ಲ, ದಡ್ಡಿ ನಾನು.

ಮನೆಗೆ ಬಂದವಳೇ ಫೋನ್ ಮಾಡಿ ರೇಗಿದೆ. ಅಕ್ಕ ದನಿ ತಗ್ಗಿಸಿ ಹೇಳಿದಳು:

"ಒಂದ್ಸಲ ಬ್ಲೀಚ್ ಹಾಕ್ಸಿ ಹೊಂಬಣ್ಣ ಮಾಡಿಸ್ಕೊಂಡಿದ್ದೆ ಕಣೇ. ನೀನು ನಗ್ತೀಯ ಅಂತ ಮಾರನೇ ದಿನಾನೇ ಕಪ್ಪು ಹಚ್ಚಿಸ್ಕೊಂಡ್ಬಿಟ್ಟೆ."

ಕೆಲಸವೆಲ್ಲ ಮತ್ತೆ ಮೊದಲಿಂದ. ಮಾಡಿದರಾಯಿತು. ಆದರೆ ನಲವತ್ತೆಂಟರ ಅಕ್ಕ ತಂಗಿಯ ನಗುವಿಗೆ ಹೆದರಿದಳೇ? ನಾನು ಅಂಥವಳೇ? ಹೊರಳಾಡಿ ಹೊರಳಾಡಿ ಯೋಚಿಸಿದೆ.

ಹೌದು, ನೋಡಿದ್ದರೆ ನಗುತ್ತಿದ್ದೆ.