ನಾನು ನಡೆಯದ ಮಂಜುಗಡ್ಡೆ

ಏಪ್ರಿಲ್ ೯, ಭಾನುವಾರ

ಲೀಟಿಯಾ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ಯಾರೋ ಸತ್ತರೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಒಂದು ಸಾವು ತಪ್ಪಿತು, ಅದನ್ನು ಹೇಳಲಿಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ಮಾಡಿದೆ. ಎರಡು ಸಲವೂ ಮಗಳು ಎತ್ತಿದಳು. ಅಲ್ಲಿ ಹವೆ ಹೇಗಿದೆಯೆಂದು ಕೇಳಿ ಇಟ್ಟುಬಿಟ್ಟೆ.

ಹತ್ತು ದಿನದ ಹಿಂದೆ ನಿನ್ನ ತಂಗಿ ಊಲಾಯು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದಳು. ನಿಮ್ಮ ಜಲಸಂಧಿಯಲ್ಲಿ, ನಿಮ್ಮಪ್ಪ ವಸಂತದಲ್ಲಿ ಬಿಡಾರ ಹೂಡುತ್ತಿದ್ದ ನಡುಗಡ್ಡೆಯ ಪಶ್ಚಿಮಕ್ಕೆ. ಅವಳು ಓಡಿಸುತ್ತಿದ್ದ ಸ್ನೋಮೊಬೈಲ್ ಮುಳುಗಿತು. ಹಿಂದೆ ಬರುತ್ತಿದ್ದ ಜಾರುಬಂಡಿಯಲ್ಲಿದ್ದವರು ಹಗ್ಗ ಎಸೆದು ಅವಳನ್ನು ಎಳೆದುಕೊಂಡರು. ಎಡಗಾಲಿನ ಎರಡು ಬೆರಳು ಹೋದವು. ಉಳಿದಂತೆ ಚೆನ್ನಾಗಿದ್ದಾಳೆ. ಬಾಯಿಗಂತೂ ಏನೂ ಆಗಿಲ್ಲ. ನೋಡಲು ಹೋದವನಿಗೆ, “ಏನ್ ಭಾವ, ಸೀಲ್ ಮಾಂಸ ತಂದ್ಯಾ, ಇಲ್ಲ ಬರೀ ಮುಖ ಹೊತ್ಕೊಂಡು ಬಂದ್ಯಾ?” ಅಂದಳು. ಬರಿಯ ಮುಖ ಹೊತ್ತುಕೊಂಡೇ ಹೋಗಿದ್ದೆ.

ಆ ದಾರಿ ತೋರಿಸಿದವನು ನಾನು.

ಮೊದಲಿನಿಂದ ಹೇಳುತ್ತೇನೆ. ಈ ಚಳಿಗಾಲ ದಕ್ಷಿಣದಿಂದ ಮಾರ್ಗೋ ಎಂಬ ವಿಜ್ಞಾನಿ ಬಂದಿದ್ದಾಳೆ. ನಮ್ಮ ಮಾತನ್ನು ಎಳೆಮಗುವಿನಂತೆ ತಪ್ಪುತಪ್ಪಾಗಿ ಆಡುತ್ತಾಳೆ, ನಕ್ಕರೆ ಬೇಸರಪಡುವುದಿಲ್ಲ. ಫೆಬ್ರವರಿಯಲ್ಲಿ ಹೆಲಿಕಾಪ್ಟರಿನಲ್ಲಿ ಹೋಗಿ ಜಲಸಂಧಿಯ ಮಂಜುಗಡ್ಡೆಯೊಳಗೆ ಒಂದು ಕಂಬ ನೆಟ್ಟು ಬಂದಳು. ಗಡ್ಡೆ ಎಷ್ಟು ದಪ್ಪವಿದೆಯೆಂದು ಅದು ದಿನವೂ ಅವಳ ಕಂಪ್ಯೂಟರಿಗೆ ತಿಳಿಸುತ್ತದೆ. ಹಳೆಯ ದಾರಿಗಳು ಒಂದೊಂದಾಗಿ ಕೆಡುತ್ತಿವೆಯಲ್ಲ, ಎಲ್ಲಿ ಹೋಗಬಹುದು, ಎಲ್ಲಿ ಕೂಡದು ಎಂದು ನಕ್ಷೆ ಮಾಡಿ ಅಂಗಡಿಯ ಗೋಡೆಗೆ ಹಾಕಬೇಕೆಂಬುದು ಅವಳ ಆಸೆ. ನಮ್ಮವರ ಆಸೆಯೂ ಅದೇ.

ಮಾರ್ಚಿನಲ್ಲಿ ಸಮುದಾಯ ಭವನದ ನೆಲದ ಮೇಲೆ ದೊಡ್ಡ ಕಾಗದ ಹಾಸಿ ಹಿರಿಯರನ್ನೆಲ್ಲ ಕರೆದಳು. ಒಬ್ಬೊಬ್ಬರೂ ಮೊಣಕಾಲೂರಿ ತಮ್ಮ ತಮ್ಮ ಜಾಗದ ಬಗ್ಗೆ ಹೇಳಿದರು. ತಮ್ಮದಲ್ಲದ ಜಾಗ ಬಂದಾಗ, “ಅಲ್ಲಿಗೆ ನಾನು ಹೋಗಿಲ್ಲ” ಎಂದು ಸುಮ್ಮನಾದರು. ನಿಮ್ಮ ಜಲಸಂಧಿಯ ಸರದಿ ಬಂತು. ಎಲ್ಲರೂ ನನ್ನ ಕಡೆ ನೋಡಿದರು. ನಿಮ್ಮಪ್ಪ ಇನೂಕಿಯ ಅಳಿಯನಲ್ಲವೇ ನಾನು.

ನಾನು ಅಲ್ಲಿ ವಸಂತದಲ್ಲಿ ಒಮ್ಮೆಯೂ ನಡೆದಿಲ್ಲ. ಇದು ನಿನಗೆ ಗೊತ್ತು, ನನಗೆ ಗೊತ್ತು, ಸತ್ತ ನಿಮ್ಮಪ್ಪನಿಗೆ ಗೊತ್ತಿತ್ತು. ನಾನು ಬೇಟೆಯಾಡಿದ್ದು ಕೊಲ್ಲಿಯ ಈಚೆ. ಅವರು ನಡುಗಡ್ಡೆಯ ಪಶ್ಚಿಮದಿಂದ ದಾಟುತ್ತಿದ್ದರೆಂಬುದು ನಾನು ಚಹಾ ಕುಡಿಯುತ್ತ ಕೇಳಿದ ಮಾತು. ಯಾವಾಗ ದಾಟುತ್ತಿದ್ದರು, ಯಾವಾಗ ದಾಟುತ್ತಿರಲಿಲ್ಲ, ಅದನ್ನು ಅವರು ನನಗೆ ಹೇಳಲಿಲ್ಲ. ನಿನಗೆ ಹೇಳಿದರು. ಈಟಿಯನ್ನು ನಿನ್ನ ಕೈಗೆ ಕೊಟ್ಟು ಗಡ್ಡೆಯನ್ನು ಮೂರು ಸಲ ಕುಟ್ಟಿಸಿ, ಸದ್ದು ಕೇಳಿಸಿ ಕಲಿಸಿದರು. ಊಲಾಯುವನ್ನು ಆರನೇ ವಯಸ್ಸಿಗೇ ಸರ್ಕಾರದವರು ಶಾಲೆಗೆಂದು ದೂರ ಒಯ್ದುಬಿಟ್ಟಿದ್ದರಿಂದ ಅವಳಿಗೆ ಅದು ಸಿಗಲಿಲ್ಲ. ಹಾಗಾಗಿ ಅವಳೂ ನನ್ನನ್ನೇ ನಂಬಿದಳು.

ನಾನು ಕಾಗದದ ಮೇಲೆ ಬೆರಳಿಟ್ಟು, ಪಶ್ಚಿಮದಿಂದ ಹೋಗಿ, ಮೇ ತಿಂಗಳವರೆಗೂ ಗಟ್ಟಿ, ಎಂದೆ. ಕಂಡವನ ದನಿಯಲ್ಲಿ ಹೇಳಿದೆ. ಮಾರ್ಗೋ ನೀಲಿ ಗೆರೆ ಎಳೆದು ಪಕ್ಕದಲ್ಲಿ ನನ್ನ ಹೆಸರು ಬರೆದಳು.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ.

ಇನ್ನಷ್ಟು ಕಂಬ ನೆಡಲು ಮಾರ್ಗೋಳ ತಂಡವನ್ನು ಊಲಾಯು ಕರೆದುಕೊಂಡು ಹೊರಟ ದಿನ ಬೆಳಿಗ್ಗೆ ಕಂಬ ಕಳಿಸಿದ ಅಂಕಿ ತೀರ ಕಡಿಮೆಯಿತ್ತಂತೆ. ಮಾರ್ಗೋ ಅದನ್ನು ಊಲಾಯುವಿಗೆ ತೋರಿಸಿದಳು. ಊಲಾಯು, “ನಿನ್ನ ಕೋಲಿಗೆ ನೆಗಡಿ ಆಗಿರ್ಬೇಕು. ನಮ್ಮ ಭಾವ ಗಟ್ಟಿ ಅಂದ್ಮೇಲೆ ಗಟ್ಟಿ, ನಡಿ,” ಅಂದಳಂತೆ. ಮಾರ್ಗೋ ಕಂಬ ಕೆಟ್ಟಿದೆಯೆಂದು ಬರೆದುಕೊಂಡು ಹೊರಟಳು. ಕಂಬ ಕೆಟ್ಟಿರಲಿಲ್ಲ, ಲೀಟಿಯಾ. ಅದು ತಾನು ನಿಂತ ಕಡೆಯ ಗಡ್ಡೆಯನ್ನು ಮುಟ್ಟಿ ನೋಡಿ ಹೇಳಿತ್ತು. ನಾನು ಮುಟ್ಟದೆ ಹೇಳಿದ್ದೆ. ಮಾರ್ಗೋ ನನಗೆ ಮರ್ಯಾದೆ ಕೊಟ್ಟು ಅದನ್ನು ಸುಳ್ಳು ಮಾಡಿದಳು.

ಮೂರು ದಿನದ ಮೇಲೆ ಮಾರ್ಗೋ ಮನೆಗೆ ಬಂದಳು. ಬೈಯಲು ಬಂದಳೆಂದು ತಲೆ ತಗ್ಗಿಸಿ ಕೂತೆ. ಅವಳು ಕೈ ಹಿಸುಕಿಕೊಳ್ಳುತ್ತ, “ತಪ್ಪು ನಂದು, ಅಜ್ಜ. ನಾನು ನಿಮ್ಮನ್ನ ಸರಿಯಾಗಿ ಕೇಳ್ಲಿಲ್ಲ. ನನ್ನ ಮಾತು ಕೆಟ್ಟದು. ನೀವು ಏನೋ ಹೇಳಿದ್ರಿ, ನಾನು ಏನೋ ಬರ್ಕೊಂಡೆ,” ಅಂದಳು. ತನ್ನ ವರದಿಯಲ್ಲೂ ಹಾಗೆಯೇ ಬರೆಯುತ್ತಾಳಂತೆ.

ಆಗಲೇ ಹೇಳಬೇಕಿತ್ತು. ನಾನು ಬಾಣಲೆ ರೊಟ್ಟಿ ಮುರಿದು ಅವಳ ಮುಂದಿಟ್ಟೆ. ತಿನ್ನು, ಅಂದೆ. ಅವಳು ತಿಂದಳು. ಚೆನ್ನಾಗಿದೆ ಅಂದಳು. ಚಹಾದ ಪಾತ್ರೆಯನ್ನು ತಾನೇ ತೆಗೆದುಕೊಂಡು ನನಗೂ ಬಗ್ಗಿಸಿದಳು.

ಆಮೇಲೆ ಕಂಬ ಕಳಿಸಿದ ಅಂಕಿಗಳ ಗೆರೆ ತೋರಿಸಿದಳು. ಫೆಬ್ರವರಿಯಿಂದ ಗಡ್ಡೆ ತೆಳುವಾಗುತ್ತದೆ, ದಪ್ಪವಾಗುತ್ತದೆ, ಮತ್ತೆ ತೆಳುವಾಗುತ್ತದೆ, ಮಲಗಿದವರ ಎದೆ ಏರಿಳಿದ ಹಾಗೆ. ತಿಂಗಳಿಗೆ ಎರಡು ಸಲ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ಅಡಿಯ ಸೆಳೆತ ಜೋರಾಗಿ ಗಡ್ಡೆಯನ್ನು ಕೆಳಗಿನಿಂದ ತಿನ್ನುತ್ತದೆಂದು ಅವಳ ಊಹೆ. ಆದರೆ ಕಂಬ ಇರುವುದು ಒಂದೇ ಕಡೆ. ಚಂದ್ರ ತುಂಬಿ ಎಷ್ಟು ದಿನದ ಮೇಲೆ ದಾಟಬಹುದು, ಎಲ್ಲಿ ಗಡ್ಡೆ ಮೊದಲು ಕೂಡಿಕೊಳ್ಳುತ್ತದೆ, ಮೇಲಿನಿಂದ ಅದನ್ನು ಯಾವುದರಿಂದ ಗುರುತಿಸಬೇಕು? ಅವಳು ಕೇಳಿದಳು. ನಿಮ್ಮಪ್ಪ ನಿನಗೆ ಕಲಿಸಿದ್ದು ಇದನ್ನೇ ಎಂದು ನನಗೆ ಆ ಕ್ಷಣ ಹೊಳೆಯಿತು. ಅರ್ಧಚಂದ್ರನಿರುವ ದಿನಗಳಲ್ಲಿ ನೀವಿಬ್ಬರೂ ನಾಯಿಗಳನ್ನು ಕಟ್ಟಿ ಹೊರಡುತ್ತಿದ್ದುದು ನೆನಪಾಯಿತು. ಅಷ್ಟು ದಿನ ಕಣ್ಣೆದುರೇ ಇದ್ದರೂ ಏಕೆಂದು ಕೇಳಿರಲಿಲ್ಲ. ಆಮೇಲೆ ಹೇಳುತ್ತೇನೆ, ಇವತ್ತು ತಲೆನೋವು, ಎಂದು ಅವಳನ್ನು ಕಳಿಸಿದೆ.

ಹದಿನೆಂಟನೇ ತಾರೀಖು ಅವರು ಮತ್ತೆ ಹೊರಡುತ್ತಾರೆ. ಇನ್ನೂ ನಾಲ್ಕು ಕಂಬ ನೆಡಬೇಕು. ಊಲಾಯು ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ. “ಎಂಟು ಬೆರಳು ಇದಾವಲ್ಲ, ಸಾಕು” ಅನ್ನುತ್ತಾಳೆ. ಇವರಲ್ಲಿ ಯಾರಿಗೂ ಆ ಗಡ್ಡೆ ಗೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ನೀಲಿ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದುಕೊಂಡು ಹೋಗುತ್ತಾರೆ.

ನಿನ್ನಿಂದ ಏನನ್ನೂ ಕೇಳುವ ಹಕ್ಕು ನನಗಿಲ್ಲ. ಬೇಟೆಗಾರರ ಸಭೆಯಲ್ಲಿ ನೀನು ಹುಡುಗರಿಗೆ ಗಡ್ಡೆಯ ಪಾಠ ಹೇಳುತ್ತೇನೆಂದು ಎದ್ದು ನಿಂತಾಗ, “ಇನ್ಮೇಲೆ ಹೆಂಗಸ್ರು ದಾರಿ ತೋರ್ಸೋದು, ಗಂಡಸ್ರು ಚರ್ಮದ ಬೂಟು ಹೊಲಿಯೋದು” ಎಂದವನು ನಾನು. ಎಲ್ಲರೂ ನಕ್ಕರು. ನೀನು ಕೂತೆ. ಆ ವಾರದ ವಿಮಾನಕ್ಕೆ ಮಗಳ ಮನೆಗೆ ಹೋದೆ. ಆ ನಗು ನನ್ನ ಜೀವಮಾನದಲ್ಲಿ ನಾನು ಗೆದ್ದ ಎಲ್ಲಕ್ಕಿಂತ ಅಗ್ಗದ್ದು.

ಆದರೂ ಕೇಳುತ್ತೇನೆ, ನನಗಾಗಿ ಅಲ್ಲ. ಬುಧವಾರ ಸಭೆಯಿದೆ. ಎದ್ದು ನಿಂತು, ನಾನು ಕಾಣದ್ದನ್ನು ಹೇಳಿದೆ, ಆ ಗೆರೆ ಅಳಿಸಿ, ಎನ್ನುತ್ತೇನೆ. ಗುರುವಾರದ ವಿಮಾನಕ್ಕೆ ಈ ಪತ್ರ ಬರುತ್ತದೆ. ಶುಕ್ರವಾರ ನಿನಗೆ ಫೋನು ಮಾಡಲು ಮಾರ್ಗೋಗೆ ಹೇಳುತ್ತೇನೆ. ದಯವಿಟ್ಟು ಎತ್ತು. ನಿನಗೆ ಗೊತ್ತಿರುವುದನ್ನು ಅವಳಿಗೆ ಹೇಳು, ಅವಳ ಅಂಕಿಗಳನ್ನೂ ಕೇಳಿಸಿಕೋ. ನೀನು ಹೋಗಿ ನಾಲ್ಕು ವಸಂತ ಕಳೆದಿವೆ, ಗಡ್ಡೆ ಬದಲಾಗಿದೆ. ಒಬ್ಬರ ಬಳಿ ಇಲ್ಲದ್ದು ಇನ್ನೊಬ್ಬರ ಬಳಿ ಇದೆ. ನನ್ನ ಬಳಿ ಮಾತ್ರ ಏನೂ ಇರಲಿಲ್ಲ.

ನನಗೆ ಉತ್ತರ ಬರೆಯಬೇಕಾಗಿಲ್ಲ.

ನಾಮೋನೀ

ಮರೆತದ್ದು: ಬುಧವಾರ, ಸಂಜೆ. ಮರೆತದ್ದೇನಲ್ಲ, ಬಿಟ್ಟದ್ದು. ಸಭೆಯಲ್ಲಿ ಹೇಳಿದೆ. ಯಾರೂ ನಗಲಿಲ್ಲ, ಬೈಯಲೂ ಇಲ್ಲ. ಮಾರ್ಗೋ, “ಗೊತ್ತಿಲ್ಲ ಅಂತ ಯಾಕೆ ಹೇಳ್ಲಿಲ್ಲ, ಅಜ್ಜ? ನಾನು ದಿನಾ ಹತ್ತು ಸಲ ಹೇಳ್ತೀನಲ್ಲ,” ಎಂದು ಕೇಳಿದಳು. ಮುದುಕನ ಜಂಬ, ಎಂದೆ. ಅದು ಅರ್ಧ ಸತ್ಯ. ನನಗೆ ಗೊತ್ತಿಲ್ಲವೆಂದು ಎಷ್ಟೋ ಸಲ ಹೇಳಿದ್ದೇನೆ, ಅದಕ್ಕೆ ಎಂದೂ ನಾಚಿರಲಿಲ್ಲ. ಅವತ್ತು ಹಾಗೆ ಹೇಳಿದ್ದರೆ, ಹಾಗಾದರೆ ಯಾರಿಗೆ ಗೊತ್ತು, ಎಂದು ಅವಳು ಕೇಳುತ್ತಿದ್ದಳು. ಆ ನಕ್ಕವರ ಮುಂದೆಯೇ ನಾನು ನಿನ್ನ ಹೆಸರು ಹೇಳಬೇಕಾಗುತ್ತಿತ್ತು. ಅದಕ್ಕಿಂತ ನಿನ್ನ ತಂಗಿಯನ್ನು ನೀರಿನ ಮೇಲೆ ಕಳಿಸುವುದು ನನಗೆ ಸುಲಭವಾಗಿ ಕಂಡಿತು.

ಇವತ್ತು ಮಾರ್ಗೋ ಅದನ್ನೇ ಕೇಳಿದಳು. ಲೀಟಿಯಾ, ಎಂದೆ. ಗಾಲಿಕುರ್ಚಿಯಲ್ಲಿ ಕೂತಿದ್ದ ಊಲಾಯು, “ಜೋರಾಗ್ ಹೇಳು ಭಾವ, ಹಿಂದಿನವ್ರಿಗೆ ಕೇಳಿಸ್ಲಿಲ್ಲ,” ಎಂದು ಕೂಗಿದಳು. ಎದ್ದು ನಿಂತು ಇನ್ನೊಮ್ಮೆ ಹೇಳಿದೆ.