ಬೋಳಾರದ ಒಂಟಿ ಬೆಳ್ಳುಳ್ಳಿ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಒಬ್ಬನೇ ಅಳಿಯನ ನಮಸ್ಕಾರ. ಮೊದಲು ಕೂತುಕೊಳ್ಳಿ. ಸುದ್ದಿ ದೊಡ್ಡದು. ಹಿತ್ತಲಲ್ಲಿ ಬೆಳ್ಳುಳ್ಳಿ ಬಂದಿದೆ.

ಪಂಥ ನೆನಪಿದೆಯೇ? ಹುಳಿಖಾರದ ಬಂಗುಡೆ ಪುಳಿಮುಂಚಿ ಮಾಡುತ್ತೇನೆಂದು ನಾನು ನಿಮ್ಮ ಮಣ್ಣಿನ ಪಾತ್ರೆಗೆ ಕೈಹಾಕಿದ ದಿನ, ಸೌಟು ಕೆಳಗಿಡದೆಯೇ ನೀವು ತೀರ್ಪು ಕೊಟ್ಟಿರಿ: “ಇದನ್ನು ಮುಟ್ಬೇಕಾದ್ರೆ ಮೊದಲು ಹಿತ್ತಲಲ್ಲಿ ಬೊಳ್ಳುಳ್ಳಿ ಬೆಳೆಸಿ ತೋರಿಸಿ ಮಾರಾಯ್ರೆ.” ಬೋಳಾರದ ಸೆಖೆಯಲ್ಲಿ ಬೆಳ್ಳುಳ್ಳಿ ಬೆಳೆಯುವುದೂ ಅಳಿಯ ಮೀನು ಬೇಯಿಸುವುದೂ ನಿಮ್ಮ ಲೆಕ್ಕದಲ್ಲಿ ಒಂದೇ. ನೀವು ಹೋದ ಮೇಲೂ ಆ ಪಾತ್ರೆ ಅಟ್ಟದಲ್ಲಿ ಬೋರಲಾಗಿಯೇ ಇತ್ತು. ನಿಮ್ಮ ಮಗಳೂ ಮುಟ್ಟಲಿಲ್ಲ. ನಾನಂತೂ… ಪಂಥ ಪಂಥವೇ ಅಲ್ಲವೇ?

ಮೀನು ತೊಳೆದ ನೀರನ್ನು ನೀವು ಕರಿಬೇವಿನ ಬುಡಕ್ಕೆ ಹೊಯ್ಯುತ್ತಿದ್ದಿರಿ. ಗಿಡ ಮಾಡಿನ ಎತ್ತರಕ್ಕೆ ಹೋಯಿತು. ಅದೇ ಶಾಸ್ತ್ರವನ್ನು ನಾನು ಬೆಳ್ಳುಳ್ಳಿಗೂ ಅನ್ವಯಿಸಿದೆ. ಮರುದಿನ ಬೋಳಾರದ ಸಮಸ್ತ ಬೆಕ್ಕುಗಳು ಮಹಾಸಭೆ ಸೇರಿ, ಬಂಗುಡೆಯ ಭರವಸೆಯಲ್ಲಿ ಮಡಿಯನ್ನು ಉತ್ತು ಹಾಕಿದ್ದವು. ಬಿತ್ತಿದ್ದು ಬೆಳ್ಳುಳ್ಳಿಯೋ ಮೀನೋ ಎಂದು ಆಚೆಮನೆಯ ಲಲಿತಕ್ಕ ಕಂಪೌಂಡಿನ ಮೇಲಿಂದ ವಿಚಾರಿಸಿದರು. ಸಿಕ್ಕಿದ ಎಸಳುಗಳನ್ನು ಹೆಕ್ಕಿ ಮತ್ತೆ ಊರಿದೆ. ನಿಮ್ಮ ಮಗಳು ಮೇಲೆ ಹಳೆಯ ಮೀನುಬಲೆ ಹೊದೆಸಿದಳು. ನಿಮ್ಮ ಮನೆಯ ಬಲೆಗೆ ಬಿದ್ದವನು ನಾನೊಬ್ಬನೇ ಅಲ್ಲವೆಂದು ಸಮಾಧಾನಪಟ್ಟೆ.

ನಿನ್ನೆ ಬೆಳಿಗ್ಗೆ, ಎಲೆ ಹಳದಿಯಾಗಿ ಬಾಗಿದ್ದು ಕಂಡು ಕಿತ್ತೆವು. ಎಸಳೇ ಇಲ್ಲ! ಒಂದೊಂದು ಗಿಡಕ್ಕೂ ಗೋಲಿಯಷ್ಟು ಒಂದೇ ಉಂಡೆ. ಚಳಿ ಸಾಲದಿದ್ದರೆ ಬೆಳ್ಳುಳ್ಳಿ ಎಸಳಾಗಿ ಒಡೆಯುವುದಿಲ್ಲವಂತೆ. ಮಂಗಳೂರಿಗೆ ಚಳಿ ಎಲ್ಲಿಂದ ತರಲಿ? ಇದು ಗೆಲುವೋ, ಸೋಲೋ? ನೀವಿದ್ದಿದ್ದರೆ…

ನ್ಯಾಯಪೀಠದಲ್ಲಿ ನಿಮ್ಮ ಮಗಳು ಕೂತಳು. ಒಂದು ಉಂಡೆಯನ್ನು ಮೂಸಿದಳು, ಸಿಪ್ಪೆಯನ್ನು ಒಂದೇ ಎಳೆತಕ್ಕೆ ಬಿಡಿಸಿದಳು. ಸಣ್ಣ ಸಣ್ಣ ಎಸಳು ಸುಲಿದು ಉಗುರು ಉರಿಯುತ್ತದೆಂದು ನೀವು ದಿನಾ ಗೊಣಗುತ್ತಿದ್ದಿರಲ್ಲ? “ಅಮ್ಮನಿಗೆ ಇದು ಸಿಕ್ಕಿದ್ರೆ ಪಾತ್ರೆ ಎಂತ, ಅಡಿಗೆಮನೆಯನ್ನೇ ಬಿಟ್ಟುಕೊಡ್ತಿದ್ರು,” ಎಂದವಳೇ ಅಟ್ಟ ಹತ್ತಿದಳು.

ಬಂದರಿಗೆ ಓಡಿ ಬಂಗುಡೆ ತಂದೆ. ಪುಳಿಮುಂಚಿ ನಾನೇ ಮಾಡಿದೆ, ನಿಮ್ಮ ಪಾತ್ರೆಯಲ್ಲಿ. ನಿಮ್ಮ ಮಗಳು ಎರಡನೇ ಸಲ ಅನ್ನ ಹಾಕಿಕೊಂಡಳು. ಬೆರಳು ನೆಕ್ಕಿ, ಥೇಟ್ ನಿಮ್ಮದೇ ಸ್ವರದಲ್ಲಿ ಹೇಳಿದಳು: “ಪುಳಿ ಸ್ವಲ್ಪ ಕಮ್ಮಿ ಉಂಟು.” ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮೀನಿನ ನೀರು ಇನ್ನು ಕರಿಬೇವಿಗೆ ಮಾತ್ರ, ಆಣೆ. ಪಾತ್ರೆಯನ್ನು ತೊಳೆದಿದ್ದೇನೆ, ಸೋಪು ತಾಗಿಸಿಲ್ಲ. ಅಟ್ಟಕ್ಕೆ ಹಾಕಿಲ್ಲ ಅತ್ತೆ, ಒಲೆಯ ಪಕ್ಕದಲ್ಲೇ ಇದೆ.

ನಿಮ್ಮ ಅಳಿಯ